ಹೆಬ್ಬೆರಳಿಗೊಂದು ಎಸ್ಕೇಪ್ ಗೇಟು

ನನ್ನ ಅಕ್ಕ ದೇವಕ್ಕನ ಗಂಡ ಲಿಂಗಣ್ಣ ಕಾಲುವೆಯ ಲಸ್ಕರ್ ಆಗಿದ್ದವನು. ಶಹಾಪುರದ ಕಡೆಯ ಒಂದು ಉಪಕಾಲುವೆಯ ಗೇಟುಗಳನ್ನು ತಿರುಗಿಸಿ, ಯಾರ ಹೊಲಕ್ಕೆ ಯಾವಾಗ ಎಷ್ಟು ನೀರು ಬಿಡಬೇಕು ಎಂದು ನೋಡಿಕೊಳ್ಳುವ ಕೆಲಸ ಅದು. ವಯಸ್ಸಿನಲ್ಲಿ ನನಗಿಂತ ಹಿರಿಯ. ಎದುರಿಗೆ ‘ಮಾವ’ ಎಂದು ಬಹುವಚನದಲ್ಲೇ ಮಾತಾಡಿಸುತ್ತೇನೆ, ಮನಸ್ಸಿನಲ್ಲಿ ಮಾತ್ರ ಏಕವಚನ. ಅವನ ಜೊತೆ ಒಂದು ದಿನ ಇದ್ದು ನೋಡಿ, ನೀವೂ ಹಾಗೇ ಮಾಡುತ್ತೀರಿ.

ಸರ್ವಿಸಿನ ಉದ್ದಕ್ಕೂ ಅವನು ರೈತರಿಗೆ ಹೇಳಿದ್ದು ಒಂದೇ ಮಾತು: “ಬರ್ತದ, ತಡಿ.” ನೀರು ಇವತ್ತು ಬರಲಿ, ಬರುವ ವಾರ ಬರಲಿ, ಬಾರದೇ ಹೋಗಲಿ, ಮಾತು ಅದೇ. ಬಯ್ದವರಿಗೂ ಅದನ್ನೇ ಹೇಳಿದ, ಕೈಮುಗಿದವರಿಗೂ ಅದನ್ನೇ ಹೇಳಿದ. ಒಮ್ಮೆ ಊಟಕ್ಕೆ ಕೂತಾಗ ದೇವಕ್ಕ “ಸಾರು ಬಿಸಿ ಮಾಡ್ಲಾ?” ಎಂದು ಕೇಳಿದ್ದಕ್ಕೂ ಹಾಗೇ ಅಂದಿದ್ದ.

ಅವನಿಗೆ ಇನ್ನೊಂದು ಹೆಮ್ಮೆಯಿತ್ತು, ಬಲಗಾಲಿನ ಹೆಬ್ಬೆರಳು. ಕಾಲುವೆಯ ಗೋಡೆಯ ಮೇಲೆ ಬರೆದಿದ್ದ ಅಳತೆಯ ಅಂಕಿಗಳು ಪಾಚಿ ಹಿಡಿದು ಯಾವಾಗಲೋ ಅಳಿಸಿಹೋಗಿದ್ದವು. ಲಿಂಗಣ್ಣ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟು, ಹೆಬ್ಬೆರಳು ಎಷ್ಟು ಮುಳುಗಿತು ಎಂದು ನೋಡಿ ನೀರಿನ ಮಟ್ಟ ಹೇಳುತ್ತಿದ್ದ. ಒಮ್ಮೆ ಎಂಜಿನಿಯರರು ಕೋಲು ತಂದು ಅಳೆದರು. ಕೋಲಿನ ಲೆಕ್ಕ ಬೇರೆ ಬಂತು, ಬೆರಳಿನ ಲೆಕ್ಕ ಬೇರೆ ಬಂತು. ಕೋಲೇ ಸರಿಯಿತ್ತು. ಲಿಂಗಣ್ಣ ಅದನ್ನು ಇವತ್ತಿನ ತನಕ ಒಪ್ಪಿಲ್ಲ.

ಅಂಥ ಬೆರಳಿಗೆ ರಿಟೈರ್ ಆದ ಮೇಲೆ ಜಾಲಿಮುಳ್ಳು ಚುಚ್ಚಿತು. ಮೈಯಲ್ಲಿ ಸಕ್ಕರೆ ಕಾಯಿಲೆ ಇತ್ತು. ಗಾಯ ಆರಲಿಲ್ಲ. ಅರಿಶಿಣ ಹಚ್ಚಿದರು, ಬೇವು ಅರೆದು ಕಟ್ಟಿದರು, ಯಾರೋ ಹೇಳಿದರೆಂದು ಬೀಡಿಯ ಬೂದಿಯನ್ನೂ ಹಾಕಿದರು. ಕೊನೆಗೆ ನಾನು ಯಾದಗಿರಿಯ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಸರ್ಜನ್ನರು ಮೂಗು ಮುಚ್ಚಿಕೊಂಡು ನೋಡಿ, “ದೀಪಾವಳಿಯೊಳಗ ಗಾಯ ಆರೋ ಲಕ್ಷಣ ಕಾಣಬೇಕು. ಇಲ್ಲಾಂದ್ರ ಬೆರಳು ತೆಗೀಬೇಕಾಗ್ತದ. ಬಿಟ್ರ ಪಾದಕ್ಕ ಏರ್ತದ,” ಎಂದರು.

ಲಿಂಗಣ್ಣ ಬಸ್ಸಿನಲ್ಲಿ ಶಹಾಪುರದ ತನಕ ಬೆರಳನ್ನೇ ನೋಡುತ್ತ ಬಂದ. ಅವನ ಊರು ಶಿರವಾಳ ಹತ್ತಿರ ಬಂದಾಗ, “ಮಾಸ್ತರ, ಬೆರಳು ಹೋದ ಲಿಂಗಣ್ಣಗ ಯಾರು ಲಿಂಗಣ್ಣ ಅಂತಾರ?” ಎಂದ. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು.

ಆಗಲೇ ನನಗೆ ಜಲಾಲುದ್ದೀನ ನೆನಪಾದ. ಸುರಪುರದ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಕಲಿತವನು. ಔಷಧಶಾಸ್ತ್ರ ಓದಿ, ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಆರದ ಗಾಯಗಳಿಗೆ ಹಚ್ಚುವ ಒಂದು ಜೆಲ್ ತಯಾರಿಸುತ್ತಿದ್ದ. ಅದನ್ನು ರೋಗಿಗಳ ಮೇಲೆ ಪರೀಕ್ಷಿಸಲು ಒಪ್ಪಿಗೆ ಸಿಕ್ಕಿ, ಅದೇ ಸರ್ಜನ್ನರ ಜೊತೆ ಕೆಲಸ ಮಾಡುತ್ತಿದ್ದ. ಒಂದೇ ತೊಡಕು. ಅವನ ಅಪ್ಪ ಸುಲ್ತಾನಸಾಬ.

ಸುಲ್ತಾನಸಾಬನ ಹೊಲ ಲಿಂಗಣ್ಣನ ಕಾಲುವೆಯ ಕಟ್ಟಕಡೆಗಿದೆ. ಮೇಲಿನವರು ಭತ್ತ ನಾಟಿ ಮಾಡಿ ಹೊಟ್ಟೆ ತುಂಬ ನೀರು ಕುಡಿಸಿ, ಉಳಿದರೆ ಕೆಳಗೆ ಬಿಡುತ್ತಾರೆ. ಉಳಿಯುವುದಿಲ್ಲ. ಸುಲ್ತಾನಸಾಬ ವರ್ಷ ವರ್ಷ ಲಿಂಗಣ್ಣನ ಮನೆಗೆ ಬಂದು ಕೇಳುವುದು, ಇವನು “ಬರ್ತದ, ತಡಿ” ಅನ್ನುವುದು, ಅವನ ಮೆಣಸಿನ ಗಿಡ ಒಣಗುವುದು, ಇದು ಅವರಿಬ್ಬರ ಸಂಬಂಧ. ಒಂದು ವರ್ಷ ಅವನು ತನ್ನ ಹೊಲದ ಬಿರುಕು ಬಿಟ್ಟ ಮಣ್ಣನ್ನು ಟವೆಲಿನಲ್ಲಿ ಕಟ್ಟಿ ತಂದು ಲಿಂಗಣ್ಣನ ಹೊಸ್ತಿಲ ಮೇಲೆ ಸುರುವಿ ಹೋಗಿದ್ದ. ದೇವಕ್ಕ ಅದನ್ನು ಬಾಚಿ ತುಳಸಿ ಗಿಡಕ್ಕೆ ಹಾಕಿ ನೀರು ಹನಿಸಿದಳು. “ಅಷ್ಟಾದ್ರೂ ನೀರು ಕುಡಿಯಲಿ ಪಾಪ,” ಅಂದಳಂತೆ.

“ಅವನ ಮಗನ ಕೈಯಾಗ ನನ್ನ ಬೆರಳು ಕೊಡ್ಲಾ?” ಎಂದ ಲಿಂಗಣ್ಣ. “ಸೇಡು ತೀರಿಸ್ಕೊಳ್ದ ಬಿಡ್ತಾನಾ?”

“ಸರ್ಜನ್ನರ ಕೈಯಾಗ ಕೊಡ್ತೀರೇನು ಹಂಗಾರ?” ಎಂದೆ. “ಕರಸು ಹಂಗಾರ,” ಎಂದ.

ದಸರಾ ರಜೆ ಇತ್ತು. ನಾನು ಶಿರವಾಳದಲ್ಲೇ ಉಳಿದೆ. ಒಂದು ಬುಧವಾರ ಜಲಾಲುದ್ದೀನ ಬಂದ. ಹಿಂದೆ ಸುಲ್ತಾನಸಾಬನೂ ಬಂದು, ಕರೆಯದಿದ್ದರೂ ಕಟ್ಟೆಯ ಮೇಲೆ ಕೂತ. ಜಲಾಲುದ್ದೀನ ಗಾಯ ತೊಳೆದು, ಡಬ್ಬಿಯಿಂದ ಅಂಗೈ ಅರ್ಧದಷ್ಟು ಅಗಲದ, ತಿಳಿನೀರು ಹೆಪ್ಪುಗಟ್ಟಿದಂಥ ತುಣುಕೊಂದನ್ನು ತೆಗೆದು ಬೆರಳಿಗೆ ಸುತ್ತಿ, ಮೇಲೆ ತೆಳ್ಳಗಿನ ಪಾರದರ್ಶಕ ಹಾಳೆ ಅಂಟಿಸಿದ.

“ಇಷ್ಟ ಏನು?” ಎಂದ ಲಿಂಗಣ್ಣ. “ಚುಚ್ಚಂಗಿಲ್ಲಾ? ಗುಳಗಿ ಇಲ್ಲಾ?”

“ಸಕ್ಕರಿ ಗುಳಗಿ ನಡೀಲಿ ಕಾಕಾ. ಗಾಯಕ್ಕ ಇಷ್ಟ ಸಾಕು. ಇದರಾಗ ಎರಡು ನಮೂನಿ ಎಳಿ ಅವ, ಕಣ್ಣಿಗೆ ಕಾಣಂಗಿಲ್ಲ. ಒಂದಕ್ಕ ಉದ್ದಕ್ಕೂ ಗುಂಡಿ, ಇನ್ನೊಂದಕ್ಕ ಉದ್ದಕ್ಕೂ ಕಾಜ. ನಾವು ಹೊಲ್ಯಂಗಿಲ್ಲ, ಅಂಟು ಹಚ್ಚಂಗಿಲ್ಲ. ನೀರಾಗ ಬಿಟ್ರ ಗುಂಡಿ ತಾನ ಕಾಜ ಹುಡುಕ್ಕೊಂಡು ಹೋಗಿ ಕುಂದರ್ತದ. ಹಂಗ ಕೂಡಿ ಜಾಳಿಗಿ ಆಗ್ತದ. ಜಾಳಿಗಿಯೊಳಗ ನೀರು, ನೀರೊಳಗ ಔಷಧ. ಒಂದೊಂದ ಗುಂಡಿ ಬಿಚ್ಚತದ, ಮತ್ತ ಕೂಡತದ. ಬಿಚ್ಚಿದಾಗೊಮ್ಮೆ ಸ್ವಲ್ಪ ಔಷಧ ಗಾಯಕ್ಕ ಇಳೀತದ.”

“ಸ್ವಲ್ಪ ಯಾಕ? ಒಮ್ಮಿಗೆ ಬಿಡಬಾರದಾ?”

“ಒಮ್ಮಿಗೆ ಬಿಟ್ರ ಎಲ್ಲಾ ಹರಕೊಂಡು ಹೋಗ್ತದ. ಗಾಯ ಮರುದಿನಕ್ಕ ಒಣಗಿ ಕುಂದರ್ತದ. ಹದಾ ಹಿಡಿದು ಬಿಡಬೇಕು. ನಿಮಗ ಹೇಳ್ಬೇಕಾ ಇದು?”

ಕಟ್ಟೆಯ ಮೇಲಿದ್ದ ಸುಲ್ತಾನಸಾಬ ಬಾಯಿ ತೆರೆದ. ಮಗ ಕಣ್ಣು ಕೆಕ್ಕರಿಸಿದ. ಅಪ್ಪ ಬಾಯಿ ಮುಚ್ಚಿ ಎಲೆಅಡಿಕೆ ಹಾಕಿಕೊಂಡ.

“ಮುಂದಿನ ಬುಧವಾರದ ತನಕ ಬಿಚ್ಚಬಾರದು, ಮುಟ್ಟಬಾರದು. ಇನ್ನೆರಡು ಮಾತು ಹೇಳ್ಬೇಕು ಕಾಕಾ,” ಎಂದು ಜಲಾಲುದ್ದೀನ ಶುರು ಮಾಡುವಷ್ಟರಲ್ಲಿ ದೇವಕ್ಕ ಚಹಾ ತಂದಳು, ಪಕ್ಕದ ಮನೆಯ ಬಸ್ಸಮ್ಮ ಬಾಳೆಹಣ್ಣು ತಂದಳು. ಆ ಎರಡು ಮಾತನ್ನು ಅವನು ಹೇಳಿದ್ದು ನಿಜ. ಆದರೆ ಆಗ ಲಿಂಗಣ್ಣ ಬಸ್ಸಮ್ಮನಿಗೆ ತನ್ನ ಹೆಬ್ಬೆರಳಿನ ಚರಿತ್ರೆ ಹೇಳುತ್ತಿದ್ದ, ಬಸ್ಸಮ್ಮ “ಅಯ್ಯ ಶಿವನ” ಅನ್ನುತ್ತಿದ್ದಳು, ನಾನು ಬಾಳೆಹಣ್ಣು ಸುಲಿಯುತ್ತಿದ್ದೆ.

ನಮ್ಮ ಕಡೆ ಕಾಯಿಲೆಯವರನ್ನು ಮಾತಾಡಿಸಲು ಬರುವುದೆಂದರೆ ಬರಿಯ ಮಾತಲ್ಲ, ಗಾಯ ನೋಡಬೇಕು. ನೋಡದೆ ಹೋದರೆ ಬಂದ ಹಾಗಲ್ಲ. ಇಲ್ಲಿಯ ತನಕ ಬಟ್ಟೆ ಬಿಚ್ಚಿ ತೋರಿಸಬೇಕಾಗಿತ್ತು, ಈಗ ಪಾರದರ್ಶಕ ಹಾಳೆ ಬಂದು ಎಲ್ಲರಿಗೂ ಅನುಕೂಲವಾಯಿತು. ಸಕ್ಕರೆ ಕಾಯಿಲೆಯವನಿಗೆ ಬಾಳೆಹಣ್ಣು, ಬಿಸ್ಕಿಟು, ಒಬ್ಬರಂತೂ ಪೇಡೆ ತಂದು, ಬೆರಳಿನ ಮೇಲೆ ಬಗ್ಗಿ ಬಗ್ಗಿ ನೋಡಿದರು. ತಂದಿದ್ದೆಲ್ಲ ನಾನೇ ತಿಂದೆ. ಆ ಮನೆಯಲ್ಲಿ ಅದೊಂದೇ ನನಗಿದ್ದ ಕೆಲಸ.

ಗುರುವಾರ ಬಸ್ಸಮ್ಮ, “ಅಣ್ಣಾ, ಉಬ್ಬಿದಂಗ ಕಾಣ್ತದಲ್ಲ,” ಎಂದಳು. ಶುಕ್ರವಾರ ಬೆಳಿಗ್ಗೆ ಇನ್ನೊಬ್ಬರು, “ನಿನ್ನಿಗಿಂತ ಉಬ್ಯಾದ,” ಎಂದರು. ನೋಡಿದೆ. ನಿಜ. ತುಣುಕು ದಪ್ಪಗಾಗಿ ಹಾಳೆಯನ್ನು ಒಳಗಿಂದ ಎತ್ತಿ ಹಿಡಿದಿತ್ತು.

ಲಿಂಗಣ್ಣನ ಮುಖ ಬೆಳ್ಳಗಾಯಿತು. ಉಬ್ಬುವುದು ಅಂದರೆ ಅವನಿಗೆ ಗೊತ್ತಿದ್ದದ್ದು ಒಂದೇ, ಕಾಲುವೆ. ಮೇಲೆ ಮಳೆಯಾಗಿ ಕಾಲುವೆ ಅಂಚಿನ ತನಕ ತುಂಬಿದರೆ ಕಟ್ಟೆ ಒಡೆಯುತ್ತದೆ. ಒಡೆಯುವ ಮೊದಲು ಪಕ್ಕದ ಎಸ್ಕೇಪ್ ಗೇಟು ತೆರೆದು ಹೆಚ್ಚಾದ ನೀರನ್ನು ಹಳ್ಳಕ್ಕೆ ಬಿಡಬೇಕು. ಅದಕ್ಕೆ ಯಾರ ಅಪ್ಪಣೆಗೂ ಕಾಯಬಾರದು ಎಂದು ಇಲಾಖೆಯವರೇ ಅವನಿಗೆ ಕಲಿಸಿದ್ದರು. ಇಡೀ ಸರ್ವಿಸಿನಲ್ಲಿ ಕಾಯದೆ ಮಾಡಬಹುದಾಗಿದ್ದ ಕೆಲಸ ಅವನಿಗೆ ಅದೊಂದೇ.

ಮಧ್ಯಾಹ್ನ ದೇವಕ್ಕ ಜೋಳ ಬೀಸಿಸಲು ಗಿರಣಿಗೆ ಹೋದಳು. ನಾನು ಪೇಪರ್ ಮುಖದ ಮೇಲೆ ಹಾಕಿಕೊಂಡು ಮಂಚದ ಮೇಲೆ ಮಲಗಿದ್ದೆ. ಎಚ್ಚರವಾದದ್ದು ಅಕ್ಕನ ಕೂಗಿಗೆ.

“ಅಯ್ಯಯ್ಯೋ! ಏನ್ ಮಾಡೀರಿ ಇದು?”

ಲಿಂಗಣ್ಣನ ಕೈಯಲ್ಲಿ ಗಡ್ಡ ಹೆರೆಯುವ ಬ್ಲೇಡು. ಹಾಳೆ ಬಿಚ್ಚಿ ಪಕ್ಕಕ್ಕೆ ಬಿದ್ದಿತ್ತು. ಚಹಾ ಕಪ್ಪಿನ ಕೆಳಗಿಡುವ ಬಸಿಯಲ್ಲಿ ಜೆಲ್ ಎರಡು ತುಂಡಾಗಿ ಕೂತಿತ್ತು.

“ಎಸ್ಕೇಪ್ ತೆರದೀನಿ,” ಎಂದ, ಸಣ್ಣ ದನಿಯಲ್ಲಿ. “ಒಂಚೂರು ಸೀಳಿ ನೀರು ಬಿಡೋಣು ಅಂದ್ರ ಪೂರಾ ಎರಡಾಗಿ ಕೈಗೆ ಬಂತು.”

“ನೀರು ಬಂತಾ?” ಎಂದೆ.

“ಒಂದು ಹನಿನೂ ಬರ್ಲಿಲ್ಲೋ ಮಾಸ್ತರ.”

ದೇವಕ್ಕ ಹಿಟ್ಟಿನ ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು. “ಊರಿಗೆಲ್ಲಾ ತಡಿ ತಡಿ ಅಂತ ಹೇಳಿದ್ರಿ. ನಿಮಗ ಬುಧವಾರದ ತನಕ ತಡಿಯಾಕ ಆಗ್ಲಿಲ್ಲಾ? ಆ ಬೆರಳು ಹೋದ್ರ ನಾ ಏನ್ ಮಾಡ್ಲಿ?” ಎಂದು ಅಳತೊಡಗಿದಳು. ಅಳುತ್ತಲೇ ಕೈ ತೊಳೆದು, ದೇವರ ಗೂಡಿನಿಂದ ವಿಭೂತಿ ತಂದು ಎರಡೂ ತುಂಡುಗಳ ಸೀಳಿದ ಬದಿಗೆ ಸವರಿ, ಒಂದಕ್ಕೊಂದು ಒತ್ತಿ ಬೆರಳಿಗೆ ಸುತ್ತಿ, ಹಾಳೆ ಮುಚ್ಚಿ, ಅದರ ಮೇಲೆ ಬಿಳಿ ಬಟ್ಟೆ ಕಟ್ಟಿದಳು. ನಾನು ಬೇಡ ಅನ್ನಬೇಕೋ ಬೇಡವೋ ತಿಳಿಯದೆ ನಿಂತಿದ್ದೆ. ವಿಜ್ಞಾನದ ಮಾಸ್ತರನಾದರೆ ಏನಂತೆ, ಅಕ್ಕ ಅಳುವಾಗ ನನಗೆ ಯಾವ ವಿಜ್ಞಾನವೂ ನೆನಪಾಗುವುದಿಲ್ಲ.

ಜಲಾಲುದ್ದೀನನಿಗೆ ಫೋನ್ ಮಾಡೋಣ ಎಂದು ಮೊಬೈಲ್ ತೆಗೆದೆ. ಲಿಂಗಣ್ಣ ಅದನ್ನು ಕಿತ್ತುಕೊಂಡು ಅದರ ಮೇಲೆ ಕೂತ.

“ಅವರಪ್ಪಗ ಗೊತ್ತಾದ್ರ ಹುಣಸಗಿ ತನಕ ಹೇಳ್ಕೊಂತ ಹೋಗ್ತಾನ!”

“ಬೆರಳು ಹೋಗ್ತದ ಮಾವ!”

“ಬೆರಳು ಹೋದ್ರ ಚಪ್ಪಲ್ಯಾಗ ಮುಚ್ಚಬಹುದು. ಇದನ್ನ ಎದರಾಗ ಮುಚ್ಚಲಿ?”

ಹೀಗೆ ಬೆರಳಿಗಿಂತ ಮರ್ಯಾದೆ ದೊಡ್ಡದಾಯಿತು. ಶನಿವಾರದಿಂದ ಮಾತಾಡಿಸಲು ಬಂದವರಿಗೆಲ್ಲ ದೇವಕ್ಕ ಬಾಗಿಲಲ್ಲೇ ಚಹಾ ಕೊಟ್ಟು ಕಳಿಸಿದಳು. ಗಾಯ ತೋರಿಸಲಿಲ್ಲವೆಂದು ಬಸ್ಸಮ್ಮ ಮುನಿಸಿಕೊಂಡು ಮಾತು ಬಿಟ್ಟಳು. ಬಟ್ಟೆ ಬಿಚ್ಚಿ ನೋಡುವ ಧೈರ್ಯ ನಮ್ಮ ಮೂವರಲ್ಲಿ ಯಾರಿಗೂ ಆಗಲಿಲ್ಲ. ಲಿಂಗಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಅನ್ನ ಸೇರುತ್ತಿರಲಿಲ್ಲ. ಒಂದು ಸಂಜೆ ತನ್ನಷ್ಟಕ್ಕೆ, “ಕೆಟ್ಟದ್ದೋ ಒಳ್ಳೇದೋ, ಗೊತ್ತಾದ್ರ ಸಾಕಪ್ಪ. ಗೊತ್ತಾಗದ ಕುಂದರೋದು ಬ್ಯಾಡ,” ಎಂದ. ಅವನ ಮೇಲೆ ನನಗೆ ಮೊದಲ ಸಲ ಕರುಣೆ ಹುಟ್ಟಿತು. ಸಿಟ್ಟೂ ಇತ್ತು.

ಬುಧವಾರ ಅಪ್ಪ ಮಗ ಇಬ್ಬರೂ ಬಂದರು. ಜಲಾಲುದ್ದೀನ ಬಿಳಿ ಬಟ್ಟೆ ನೋಡಿ ಹುಬ್ಬೇರಿಸಿದ. ಬಿಚ್ಚಿದ. ಹಾಳೆ ತೆಗೆದ. ದೇವಕ್ಕ ಕಣ್ಣು ಮುಚ್ಚಿಕೊಂಡು ಶಿವ ಶಿವ ಅನ್ನುತ್ತಿದ್ದಳು.

ತುಣುಕು ಇಡಿಯಾಗಿ ಬಂತು. ಎರಡಲ್ಲ, ಒಂದು. ಜಲಾಲುದ್ದೀನ ಅದನ್ನು ಚಿಮಟಿಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ. ತಿಳಿನೀರಿನಂಥ ಜೆಲ್ಲಿನ ನಟ್ಟನಡುವೆ ಬೂದು ಬಣ್ಣದ ಒಂದು ಗೆರೆ, ಈ ತುದಿಯಿಂದ ಆ ತುದಿಗೆ.

“ಇದೇನು ಗೆರಿ, ಕಾಕಾ?”

ಲಿಂಗಣ್ಣ ಜಂತಿ ನೋಡಿದ. ನಾನು ಹೊರಗೆ ಎಮ್ಮೆ ನೋಡಿದೆ. ದೇವಕ್ಕನಿಗೆ ತಡೆಯಲಾಗಲಿಲ್ಲ.

“ವಿಭೂತಿ ತಮ್ಮಾ. ನಾನ ಹಚ್ಚೀನಿ. ಇವರು ಬ್ಲೇಡ್ ತಗೊಂಡು ಕೊಯ್ದ್ರು, ಉಬ್ಬಿತಂತ.”

“ಎಸ್ಕೇಪ್…” ಎಂದು ಲಿಂಗಣ್ಣ ಶುರು ಮಾಡಿ ಅಲ್ಲೇ ನಿಲ್ಲಿಸಿದ.

ಜಲಾಲುದ್ದೀನ ನಮ್ಮ ಮೂವರ ಮುಖವನ್ನೂ ನೋಡಿದ. ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. “ಅವತ್ತ ಹೇಳೀನಲ್ರಿ ಸರ್, ಎರಡು ಮಾತು! ಗಾಯದ ನೀರು ಹೀರಿ ಉಬ್ತದ, ಅಂಜಬ್ಯಾಡ್ರಿ ಅಂತ ಒಂದು. ಅಪ್ಪಿತಪ್ಪಿ ಹರದ್ರ ಜೋಡಿಸಿ ಇಡ್ರಿ, ಗುಂಡಿ ಮತ್ತ ಕಾಜ ಹುಡುಕ್ಕೊಂಡು ತಾನ ಕೂಡ್ತದ ಅಂತ ಎರಡು. ನೀವೆಲ್ಲಾ ಹೂಂ ಹೂಂ ಅಂದ್ರಿ!”

ಬಾಯಿತುಂಬ ಬಾಳೆಹಣ್ಣು ಇದ್ದಾಗ ಹೂಂ ಅನ್ನುವುದು ಸುಲಭ.

“ಬೂದಿ ಹಾಕಿದ್ದು ಬಾಳ ತಪ್ಪು ಕಾಕಿ. ನಂಜಾಗಿದ್ರ?” ಎಂದು ಅವನು ನಿಜವಾಗಿಯೂ ಸಿಟ್ಟಾಗಿ, ಗಾಯ ತೊಳೆಯಲು ಬಗ್ಗಿದ. ತೊಳೆದು ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದ. ಆಮೇಲೆ ನಮ್ಮನ್ನು ಕರೆದ. ಕಪ್ಪಗಿದ್ದ ಗಾಯದ ಅಂಚಿನಲ್ಲಿ ಸುತ್ತಲೂ ಎಳೆಗೂಸಿನ ತುಟಿಯಂಥ ಗುಲಾಬಿ ಬಣ್ಣ ಬಂದಿತ್ತು.

“ಹಿಡದದ,” ಎಂದ. “ಇನ್ನೂ ಮೂರ್ನಾಲ್ಕು ಪಟ್ಟಿ ಬೇಕು. ಸರ್ಜನ್ನರು ಹಾಕ್ರಿ ಅಂತಾರ, ಹಾಕ್ತೀನಿ. ಆದ್ರ ಬ್ಲೇಡು ಬೂದಿ ಬಿದ್ದ ಮ್ಯಾಲ ನನ್ನ ಪರೀಕ್ಷಾದಾಗ ಈ ಬೆರಳು ಬರಂಗಿಲ್ಲ. ತಗದು ಹಾಕ್ಬೇಕು.”

“ಬೆರಳು ತೆಗೀತಿಯೇನು?” ಎಂದು ಲಿಂಗಣ್ಣ ಕಿರುಚಿದ.

“ಲೆಕ್ಕದಾಗಿಂದ ಕಾಕಾ, ಲೆಕ್ಕದಾಗಿಂದ!”

ಲಿಂಗಣ್ಣನಿಗೆ ಸಮಾಧಾನವಾಯಿತು, ಮರುಗಳಿಗೆ ಅವಮಾನವೂ ಆಯಿತು. ಇಂಥ ಬೆರಳನ್ನು ಲೆಕ್ಕಕ್ಕೆ ಹಿಡಿಯದೆ ಅದೆಂಥ ಪರೀಕ್ಷೆ ಎಂದು ಗೊಣಗಿದ. ಹುಣಸಗಿ ತನಕ ಸುದ್ದಿ ಹಬ್ಬಿಸಬೇಕಾಗಿದ್ದ ಸುಲ್ತಾನಸಾಬ ಮಾತ್ರ ಕಟ್ಟೆಯಿಂದ ಎದ್ದು ಒಳಗೆ ಬಂದು, ಮಂಚದ ಪಕ್ಕದ ಕಂಬಕ್ಕೆ ಒರಗಿ ಕೂತ. ಅವನು ನಗಲಿಲ್ಲ.

“ಸುಲ್ತಾನ,” ಎಂದ ಲಿಂಗಣ್ಣ, ಅವನ ಕಡೆ ನೋಡದೆ. “ಕಾಯೋದು ಇಷ್ಟು ಕಷ್ಟ ಅಂತ ನಂಗ ಗೊತ್ತಿರ್ಲಿಲ್ಲೋ.”

“ಗೊತ್ತಾತಲ್ಲ,” ಎಂದ ಸುಲ್ತಾನಸಾಬ. ದೇವಕ್ಕನ ಕಡೆ ತಿರುಗಿ ಹೇಳಿದ: “ತಂಗಿ, ಇವನ ಬ್ಲೇಡ್ ಕಸಗೊಂಡು ನನ್ನ ಕೈಯಾಗ ಕೊಡು. ದಿನಾ ಬಂದು ಕುಂದರ್ತೀನಿ. ನಂಗ ಕಾಯೋದು ರೂಢಿ ಅದ.”

ಹೇಳಿದ ಹಾಗೇ ಬಂದ. ರಜೆ ಮುಗಿದು ನಾನು ಸುರಪುರಕ್ಕೆ ಹೋದ ಮೇಲೂ ದಿನಾ ಬಂದು ಆ ಕಂಬಕ್ಕೆ ಒರಗಿ ಕೂತು, ಮುಟ್ಟಲು ಬಂದವರ ಕೈಗೆ ಹೊಡೆಯುತ್ತಿದ್ದನಂತೆ. ಅದರಲ್ಲಿ ಹೆಚ್ಚು ಏಟು ಬಿದ್ದದ್ದು ಲಿಂಗಣ್ಣನ ಕೈಗೇ. ದೀಪಾವಳಿ ಹತ್ತಿರ ಬಂದಾಗ ಸರ್ಜನ್ನರು ಬೆರಳು ನೋಡಿ ಕತ್ತರಿ ಬೇಡ ಎಂದರು. ದೇವಕ್ಕ ಫೋನಿನಲ್ಲಿ ಅದನ್ನು ಹೇಳುತ್ತ ಅತ್ತಳು, ಸ್ಟಾಫ್ ರೂಮಿನಲ್ಲಿ ನಾನೂ ಅತ್ತೆ. ಯಾರಾದರೂ ನೋಡಿಯಾರೆಂದು ಕಣ್ಣಿಗೆ ಚಾಕ್‌ಪೀಸಿನ ಧೂಳು ಬಿತ್ತು ಎಂದು ಹೇಳಿದೆ.

ಸಂಕ್ರಾಂತಿಗೆ ಹೋದಾಗ ಗಾಯದ ಜಾಗದಲ್ಲಿ ನುಣ್ಣಗಿನ ಹೊಸ ಚರ್ಮ ಇತ್ತು. ಲಿಂಗಣ್ಣ ಎಲ್ಲರಿಗೂ ಅದನ್ನು ತೋರಿಸುತ್ತಿದ್ದ. ಬಸ್ಸಮ್ಮನಿಗೆ ಎರಡು ಸಲ ತೋರಿಸಿ ರಾಜಿಯಾಗಿತ್ತು.

“ಬೆರಳು ಉಳೀತು,” ಎಂದ ಸುಲ್ತಾನಸಾಬ. “ನಡಿ ಇನ್ನ, ನನ್ನ ಹೊಲಕ್ಕ.”

“ಹೊಲದಾಗೇನದ?”

“ಸರ್ವಿಸಿನಾಗ ಒಮ್ಮೆರ ಬಂದೀಯೇನು ಕಾಲುವಿ ಕೊನಿಗೆ?”

ಬಂದಿರಲಿಲ್ಲ. ಅವನ ಕೆಲಸ ಗೇಟಿನ ಹತ್ತಿರವೇ ಮುಗಿಯುತ್ತಿತ್ತು. ಮೂವರೂ ಆಟೋದಲ್ಲಿ ಹೋದೆವು. ದಾರಿಯುದ್ದಕ್ಕೂ ಭತ್ತದ ಗದ್ದೆಗಳಲ್ಲಿ ನೀರು ನಿಂತು ಹೊಳೆಯುತ್ತಿತ್ತು. ಮುಂದೆ ಹೋದಂತೆ ಹಸಿರು ತೆಳುವಾಯಿತು. ಕೊನೆಗೆ ಸುಲ್ತಾನಸಾಬನ ಹೊಲ ಬಂತು, ಮೆಣಸಿನ ಗಿಡಗಳು ಎಲೆ ಮುದುಡಿಕೊಂಡು ನಿಂತಿದ್ದವು. ಬದುವಿನ ಪಕ್ಕದ ಸಿಮೆಂಟಿನ ಕಾಲುವೆಯಲ್ಲಿ ತಳವನ್ನು ಒದ್ದೆ ಮಾಡುವಷ್ಟು ನೀರು ಹರಿಯುತ್ತಿತ್ತು.

“ಇವತ್ತು ನನ್ನ ಪಾಳಿ,” ಎಂದ ಸುಲ್ತಾನಸಾಬ. “ಅಳತಿ ಮಾಡು.”

ಲಿಂಗಣ್ಣ ಚಪ್ಪಲಿ ಬಿಟ್ಟು ಕಾಲುವೆಗೆ ಇಳಿದು ನಿಂತ. ಮೂವರೂ ಬಗ್ಗಿ ಹೆಬ್ಬೆರಳನ್ನು ನೋಡಿದೆವು. ನೀರು ಉಗುರಿನ ಅಂಚಿಗಿಂತ ಕೆಳಗೇ ನಿಂತಿತ್ತು. ಉಗುರು ಮುಳುಗಿರಲಿಲ್ಲ.

ಲಿಂಗಣ್ಣ ಕಾಲನ್ನು ಸ್ವಲ್ಪ ಆಚೆ ಸರಿಸಿ ಇನ್ನೊಮ್ಮೆ ನೋಡಿದ. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು, ತನ್ನ ಜಾಗಕ್ಕೆ ಬಂದಿದ್ದ ಹೊಸ ಲಸ್ಕರ್ ಸಾಬಣ್ಣನಿಗೆ ಫೋನ್ ಹಚ್ಚಿದ. ಕಿವಿ ಮಂದವಾದ್ದರಿಂದ ಅವನ ಫೋನಿನ ಮಾತು ಬದುವಿಗೆಲ್ಲ ಕೇಳುತ್ತದೆ.

“ಏ ಸಾಬಣ್ಣ! ನಾ ಲಿಂಗಣ್ಣ. ಸುಲ್ತಾನನ ಹೊಲದಾಗ ನಿಂತೀನಿ. ಇಲ್ಲಿ ಉಗುರು ಸುದ್ದಾ ಮುಳುಗವಲ್ದು! ಮೆಣಸಿನ ಗಿಡ ಸಾಯಾಕತ್ತಾವ! ಮ್ಯಾಲಿನ ತೂಬು ಮುಚ್ಚಿ ಕೆಳಗ ನೀರು ಬಿಡೋ, ಈಗಿಂದೀಗ ಬಿಡು!”

ಆ ಕಡೆಯಿಂದ ಆಕಳಿಸುತ್ತ ಬಂದ ದನಿ ನಮ್ಮೆಲ್ಲರಿಗೂ ಕೇಳಿತು.

“ಬರ್ತದ ಕಾಕಾ. ತಡೀರಿ.”

ಲಿಂಗಣ್ಣ ಫೋನ್ ಕಿವಿಗೆ ಹಿಡಿದುಕೊಂಡೇ ನೀರಿನಲ್ಲಿ ನಿಂತಿದ್ದ. ಸುಲ್ತಾನಸಾಬ ತನ್ನ ಟವೆಲು ಬಿಚ್ಚಿ ಕೊಡವಿ ಬದುವಿನ ಮೇಲೆ ಹಾಸಿದ.

“ಬಾ, ಕುಂದ್ರು,” ಎಂದ. “ನಿಂತು ಕಾದ್ರ ಕಾಲು ನೋಯ್ತಾವ.”